ವಿಳಾಸದ ಅಂಕಣ ಖಾಲಿಯಿದ್ದ ತಾಯಿ ಕಾರ್ಡು: ಬೀದಿಬದಿಯ ಬಸಿರು, ಬಾಣಂತನದ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಹೆಣ್ಣುಮಗಳನ್ನು ಯಲ್ಲವ್ವ ಎಂದು ಕರೆದಿದ್ದೇನೆ. ಅದು ಅವರ ನಿಜವಾದ ಹೆಸರಲ್ಲ. ಇಲ್ಲಿ ಬರುವ ಬೇರೆ ಹೆಸರೂ ಬದಲಿಸಿದ್ದೇ. ಬೆಂಗಳೂರಿನ ಒಂದು ಸಗಟು ತರಕಾರಿ ಮಾರುಕಟ್ಟೆಯ ಸುತ್ತಮುತ್ತ ನಡೆದದ್ದು ಎಂಬುದನ್ನು ಬಿಟ್ಟರೆ ವರ್ಷವನ್ನಾಗಲಿ, ಆಸ್ಪತ್ರೆಯನ್ನಾಗಲಿ, ಆಶ್ರಯ ಕೇಂದ್ರವನ್ನಾಗಲಿ ಗುರುತಿಸಿಲ್ಲ. ಬರೆಯಲು ಅವರು ಒಪ್ಪಿದ್ದಾರೆ, ಬರೆದದ್ದನ್ನು ಓದಿಸಿ ಕೇಳಿದ್ದಾರೆ. ನಾನು ಆ ಭಾಗದಲ್ಲಿ ಬೀದಿಬದಿಯ ಕುಟುಂಬಗಳ ಆರೋಗ್ಯ ನೋಡಿಕೊಳ್ಳುವ ಒಂದು ಸಣ್ಣ ತಂಡದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತೇನೆ. ಆಶಾ ಕಾರ್ಯಕರ್ತೆಯರು, ದಾದಿಯರು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಓದಲಿ ಎಂಬುದು ನನ್ನ ಆಸೆ. ಆದ್ದರಿಂದ ನಾವು ಸರಿಯಾಗಿ ಮಾಡಿದ್ದಕ್ಕಿಂತ ತಪ್ಪಿದ ಕಡೆಗಳನ್ನೇ ಹೆಚ್ಚು ಬಿಡಿಸಿ ಬರೆದಿದ್ದೇನೆ.

ಹಿನ್ನೆಲೆ

ಯಲ್ಲವ್ವನವರಿಗೆ ಆಗ 23 ವರ್ಷ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಿಂದ ಗಂಡ ಮತ್ತು ಪುಟ್ಟ ಮಗಳೊಂದಿಗೆ ಕಟ್ಟಡ ಕೆಲಸಕ್ಕೆ ಬಂದವರು. ಮೇಸ್ತ್ರಿಯಿಂದ ಮುಂಗಡ ಪಡೆದಿದ್ದರು. ಕೆಲಸದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಹೀಗೆ ಬಂದವರ ಮನೆ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕಟ್ಟಡ ಮುಗಿದ ವಾರ ಶೆಡ್ಡು ಬಿಚ್ಚಿದರು. ಮುಂಗಡ ತೀರಿಸಲು ಗಂಡ ಬೇರೆ ರಾಜ್ಯದ ಕೆಲಸಕ್ಕೆ ಹೋದವರು ಮೊದಲ ತಿಂಗಳು ಎರಡು ಸಲ ಫೋನ್ ಮಾಡಿದರು, ಆಮೇಲೆ ಆ ನಂಬರ್ ಹತ್ತಲಿಲ್ಲ. ಹಳ್ಳಿಯಲ್ಲಿ ತಾಯಿ ತೀರಿಕೊಂಡಿದ್ದರು, ತವರು ಎಂದರೆ ಅಣ್ಣ ಅತ್ತಿಗೆಯ ಒಂದೇ ಕೋಣೆಯ ಮನೆ, ಅಲ್ಲಿಯೂ ಸಾಲ.

ಹೀಗೆ ಅವರು ಮಾರುಕಟ್ಟೆಯ ಹಿಂದಿನ ಬೀದಿಗೆ ಬಂದರು. ಹಗಲು ಮಂಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಆರಿಸುವ ಕೆಲಸ. ರಾತ್ರಿ ಶಟರ್ ಎಳೆದ ಅಂಗಡಿಯೊಂದರ ಮುಂದೆ, ಗೋಣಿಚೀಲದ ಮೇಲೆ ನಿದ್ದೆ. ನಾವು ಅವರನ್ನು ಮೊದಲು ಕಂಡಾಗ ಮಗಳಿಗೆ ನಾಲ್ಕು ವರ್ಷ, ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಮುಟ್ಟು ನಿಂತ ಲೆಕ್ಕ ಕೇಳಿದರೆ "ಶಿವರಾತ್ರಿ ಆಗಿ ಎಂಟ್ ದಿನಕ್ಕ ಆಗಿದ್ದೇ ಕಡೀರಿ" ಎಂದರು. ಆ ಲೆಕ್ಕದಲ್ಲಿ 26 ವಾರ ತುಂಬಿತ್ತು, ಸ್ಕ್ಯಾನಿಂಗ್ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಒಂದು ಸಂಗತಿಯನ್ನು ಇಲ್ಲಿಯೇ ಗಮನಿಸಬೇಕು. ಮೊದಲ ಮಗಳು ತವರಿನಲ್ಲಿದ್ದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳು ತುಂಬಿ ಹುಟ್ಟಿದವಳು. ತೂಕ 2,800 ಗ್ರಾಂ. ಬಡತನ ಆಗಲೂ ಇತ್ತು. ಅದೇ ತಾಯಿಯ ಎರಡನೆಯ ಬಸಿರಿನಲ್ಲಿ ಏನು ಬದಲಾಗಿತ್ತು ಎಂಬುದೇ ಈ ಅಧ್ಯಯನದ ಪ್ರಶ್ನೆ.

ಮೊದಲ ತಪಾಸಣೆ

ತೂಕ 41 ಕಿಲೋ, ರಕ್ತದೊತ್ತಡ ಸರಿಯಾಗಿತ್ತು, ಹಿಮೋಗ್ಲೋಬಿನ್ 7.4 ಗ್ರಾಂ. ಬಸಿರಿಯಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ. ಯಲ್ಲವ್ವ ಆ ಅಂಚಿನಲ್ಲಿ ನಿಂತಿದ್ದರು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಮೈಯಲ್ಲಿ ರಕ್ತ ಇದ್ದವರು ತಡೆದುಕೊಳ್ಳುವಷ್ಟು ಸ್ರಾವವೇ ಇಂಥವರ ಜೀವಕ್ಕೆ ಎರವಾಗುತ್ತದೆ.

ಬಸಿರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಇರಲಿಲ್ಲ. ಶೆಡ್ಡು ಬಿಚ್ಚಿದ ದಿನ ಹೋದ ಸಾಮಾನಿನೊಂದಿಗೆ ಅದೂ ಹೋಗಿತ್ತು. ಹೊಸದನ್ನು ಮಾಡಿಸುವಾಗ ಆಧಾರ್‌ನಲ್ಲಿ ಹಳ್ಳಿಯ ವಿಳಾಸ, ಬೆಂಗಳೂರಿನಲ್ಲಿ ಯಾವ ವಿಳಾಸವೂ ಇಲ್ಲ. ನಗರದಲ್ಲಿ ಆಶಾ ಕಾರ್ಯಕರ್ತೆಯರ ಕೆಲಸ ಹಂಚಿಕೆಯಾಗಿರುವುದು ಮನೆಗಳ ಲೆಕ್ಕದಲ್ಲಿ. ಅಂಗಡಿಯ ಶಟರ್ ಮುಂದೆ ಮಲಗುವವರು ಯಾರ ಪಟ್ಟಿಗೂ ಬರುವುದಿಲ್ಲ. ಕಿರಿಯ ಆರೋಗ್ಯ ಸಹಾಯಕಿ ಒಳ್ಳೆಯ ಮನಸ್ಸಿನವರು, ವಿಳಾಸದ ಅಂಕಣವನ್ನು ಖಾಲಿ ಬಿಟ್ಟು ಕಾರ್ಡ್ ಕೊಟ್ಟರು. ಕಾರ್ಡಿಗಾಗಿ ನಾವು ಅಷ್ಟು ಹಟ ಹಿಡಿದದ್ದಕ್ಕೆ ಕಾರಣವಿತ್ತು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಸೇರಿಸಿಕೊಳ್ಳದೆ ಕಳುಹಿಸಿದ ತುಂಬು ಬಸಿರಿಯೊಬ್ಬರು ಮನೆಯಲ್ಲಿ ಹೆತ್ತು, ಅವಳಿ ಕೂಸುಗಳೊಂದಿಗೆ ತೀರಿಕೊಂಡದ್ದನ್ನು ಈ ಕೆಲಸದಲ್ಲಿರುವ ಯಾರೂ ಮರೆತಿಲ್ಲ. ದಾಖಲೆ ಇಲ್ಲದಿದ್ದರೂ ಹೆರಿಗೆಗೆ ಸೇರಿಸಿಕೊಳ್ಳಲೇಬೇಕು ಎಂಬುದು ನಿಯಮ. ಆದರೆ ನಡುರಾತ್ರಿ ಎರಡು ಗಂಟೆಗೆ ನಿಯಮವನ್ನು ಎತ್ತಿ ತೋರಿಸುವವರು ಯಾರು?

ವೈದ್ಯರು ಕಬ್ಬಿಣದ ಮಾತ್ರೆ ದಿನಕ್ಕೆ ಎರಡು, ಜಂತುಹುಳದ ಮಾತ್ರೆ ಒಂದು ಕೊಟ್ಟು, ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಹಾಕಿಸಿ, ತಿಂಗಳು ಬಿಟ್ಟು ಬರಲು ಹೇಳಿದರು. ಅರುವತ್ತು ಮಾತ್ರೆ ಅವರ ಕೈಗೆ ಕೊಟ್ಟು ನಾವು ನಿಶ್ಚಿಂತರಾದೆವು.

ಮಾತ್ರೆ ಕೊಟ್ಟದ್ದನ್ನು ಎಣಿಸಿದೆವು, ನುಂಗಿದ್ದನ್ನು ಎಣಿಸಲಿಲ್ಲ

30ನೇ ವಾರದಲ್ಲಿ ಹಿಮೋಗ್ಲೋಬಿನ್ ಏರುವ ಬದಲು 7.1ಕ್ಕೆ ಇಳಿದಿತ್ತು, ಜೊತೆಗೆ ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡಿತು. "ಮಾತ್ರೆ ತಗೊಂಡಿದ್ದೀರಾ?" ಎಂದು ಹೊರರೋಗಿ ವಿಭಾಗದಲ್ಲಿ ಕೇಳಿದಾಗ ಯಲ್ಲವ್ವ ತಲೆಯಾಡಿಸಿದರು. ಆ ಸಂಜೆ ನಾನು ಅವರ ಜಾಗಕ್ಕೆ ಹೋಗಿ ಕುಳಿತೆ. ಅವರ ಆಸ್ತಿಯೆಲ್ಲ ಒಂದು ಪ್ಲಾಸ್ಟಿಕ್ ಬಿಂದಿಗೆಯಲ್ಲಿತ್ತು: ಎರಡು ಸೀರೆ, ಮಗಳ ಸ್ವೆಟರ್, ಹಾಲಿನ ಪ್ಯಾಕೆಟ್ಟು ಸೀಳಿ ತೊಳೆದು ಅದರಲ್ಲಿ ಮಡಿಚಿಟ್ಟ ತಾಯಿ ಕಾರ್ಡು. ಅದರ ಕೆಳಗೆ ಮಾತ್ರೆಯ ಪೊಟ್ಟಣ. ಹಿಂದಿನ ವಾರದ ಮಳೆಗೆ ನೀರು ಇಳಿದು ಕೆಂಪು ಮಾತ್ರೆಗಳೆಲ್ಲ ಕರಗಿ ಒಂದೇ ಮುದ್ದೆಯಾಗಿ, ಬಣ್ಣ ಸೀರೆಗೂ ಹತ್ತಿತ್ತು. ಸೀರೆ ಕೆಟ್ಟದ್ದಕ್ಕೆ ಅವರಿಗೆ ಬೇಸರ, ಮಾತ್ರೆ ಹಾಳಾದದ್ದನ್ನು ಹೇಳಲು ಹೆದರಿಕೆ.

ಅದಕ್ಕೂ ಮೊದಲೇ ಅವರು ಮಾತ್ರೆ ಬಿಟ್ಟಿದ್ದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಟೀ ಕುಡಿದು ಅದರೊಂದಿಗೇ ನುಂಗುತ್ತಿದ್ದರು. ಟೀ ಜೊತೆ ತೆಗೆದುಕೊಂಡ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಹೊಟ್ಟೆ ತೊಳಸುವುದು ಮಾತ್ರ ತಪ್ಪುವುದಿಲ್ಲ. ಒಮ್ಮೊಮ್ಮೆ ಭೇದಿ, ಒಮ್ಮೊಮ್ಮೆ ಮಲಬದ್ಧತೆ. ಮನೆಯಿದ್ದವರಿಗೆ ಇದು ಸಣ್ಣ ತೊಂದರೆ, ಹಿತ್ತಲಿಗೋ ಬಚ್ಚಲಿಗೋ ಹೋಗಿ ಬಂದರೆ ಮುಗಿಯಿತು. ನೀರು ಹೆಚ್ಚು ಕುಡಿಯಬೇಕು ಎಂದು ನಾನು ಹೇಳಿದಾಗ ಅವರು ಕೊಟ್ಟ ಉತ್ತರ ನಮ್ಮ ಕಣ್ಣು ತೆರೆಸಿತು:

"ನೀರ್ ಕುಡುದ್ರ ಹೋಗಾಕ ಎಲ್ಲೈತ್ರಿ ಅಕ್ಕಾರ? ಅದಕ್ಕ ಸಂಜಿ ಮ್ಯಾಗ ನಾ ನೀರ ಮುಟ್ಟಂಗಿಲ್ರಿ."

ಮಾರುಕಟ್ಟೆಯಲ್ಲಿ ಇದ್ದದ್ದು ಒಂದೇ ಸಾರ್ವಜನಿಕ ಶೌಚಾಲಯ. ಒಂದು ಸಲಕ್ಕೆ 5 ರೂಪಾಯಿ. ರಾತ್ರಿ ಹತ್ತಕ್ಕೆ ಬೀಗ, ಬೆಳಗ್ಗೆ ಆರಕ್ಕೆ ತೆರೆಯುತ್ತದೆ. ದಿನದ ಸಂಪಾದನೆ 200 ರೂಪಾಯಿ ದಾಟದ ಹೆಂಗಸು, ಬಸಿರಿನ ಕೊನೆಯ ತಿಂಗಳುಗಳಲ್ಲಿ ಗಂಟೆಗೊಮ್ಮೆ ಮೂತ್ರಕ್ಕೆ ಅವಸರವಾಗುವಾಗ, ಲೆಕ್ಕ ಹಾಕಿ ಎರಡು ಸಲ ಹೋಗುತ್ತಿದ್ದರು. ರಾತ್ರಿ ಕತ್ತಲೆಯಲ್ಲಿ ಲಾರಿಗಳ ಸಂದಿಗೆ ಹೋಗಲು ಹೆದರಿಕೆ. ಹಿಂದೊಮ್ಮೆ ಯಾರೋ ಹಿಂಬಾಲಿಸಿದ್ದರು. ಆದ್ದರಿಂದ ನೀರು ಕುಡಿಯುವುದನ್ನೇ ನಿಲ್ಲಿಸಿದ್ದರು. ನೀರು ಕುಡಿಯದೆ, ಬಂದದ್ದನ್ನು ತಡೆಹಿಡಿದು ಮೂತ್ರದ ಸೋಂಕು. ಚಿಕಿತ್ಸೆಯಾಗದ ಮೂತ್ರದ ಸೋಂಕು ಅವಧಿಗೆ ಮುಂಚೆ ಹೆರಿಗೆಯಾಗುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಒಂದು. ಮನೆಯಿಲ್ಲದ ಬಸಿರಿಯರಲ್ಲಿ ಅಕಾಲ ಹೆರಿಗೆಯೂ ಕಡಿಮೆ ತೂಕದ ಕೂಸುಗಳೂ ಹೆಚ್ಚು ಎಂದು ಅಮೆರಿಕ, ಕೆನಡಾಗಳಲ್ಲಿ ನಡೆದ ಅಧ್ಯಯನಗಳು ಹೇಳಿವೆ. ಕಾರಣಗಳ ಪಟ್ಟಿಯಲ್ಲಿ ಆಹಾರ, ಆತಂಕ, ಹಿಂಸೆ, ತಡವಾದ ತಪಾಸಣೆ ಎಲ್ಲವೂ ಬರುತ್ತವೆ. ನಮ್ಮ ಕಣ್ಣೆದುರಿನ ಪ್ರಕರಣದಲ್ಲಿ ಆ ಸರಪಳಿಯ ಮೊದಲ ಕೊಂಡಿ ಒಂದು ಬೀಗ ಹಾಕಿದ ಬಾಗಿಲು.

ಇಲ್ಲಿಂದ ನಮ್ಮ ಕೆಲಸದ ದಾರಿ ಬದಲಾಯಿತು. ಶೌಚಾಲಯ ನೋಡಿಕೊಳ್ಳುತ್ತಿದ್ದ ರತ್ನಮ್ಮನವರು ಐವತ್ತು ದಾಟಿದ ವಿಧವೆ, ಅದರ ಪಕ್ಕದ ಗೂಡಿನಂಥ ಕೋಣೆಯಲ್ಲೇ ಇದ್ದವರು. ತಿಂಗಳಿಗೆ ಇಷ್ಟು ಎಂದು ನಾವು ಗುತ್ತಿಗೆದಾರರಿಗೆ ಕಟ್ಟಿ, ಯಲ್ಲವ್ವ ಮತ್ತು ಮಗಳಿಗೆ ಲೆಕ್ಕವಿಲ್ಲದೆ ಬಳಸಲು ಒಪ್ಪಿಗೆ ಪಡೆದೆವು. ರಾತ್ರಿಯ ಬೀಗದ ಮಾತು ಬಂದಾಗ ರತ್ನಮ್ಮನವರೇ, "ಬಾಗ್ಲು ತಟ್ಟು ಮಗಳೇ, ತೆಗೀತೀನಿ" ಎಂದರು. ಮಾತ್ರೆಗಳೂ ಅವರ ಹತ್ತಿರವೇ ಉಳಿದವು. ದಿನಾ ಮಧ್ಯಾಹ್ನ ಊಟವಾದ ಮೇಲೆ, ಟೀಗೆ ದೂರವಾಗಿ, ಮಾರುಕಟ್ಟೆಯಲ್ಲಿ ಬಿದ್ದ ನಿಂಬೆಹಣ್ಣು ಹಿಂಡಿದ ನೀರಿನೊಂದಿಗೆ ಅವರ ಎದುರಿಗೇ ನುಂಗಬೇಕು. ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಅವರು ಲೆಕ್ಕ ಇಡುತ್ತಿದ್ದರು.

ಆದರೆ ದಿನಗಳು ಕಡಿಮೆಯಿದ್ದವು, ಮಾತ್ರೆಯೊಂದೇ ಸಾಲದು ಎಂದು ವೈದ್ಯರು ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಎಂಬ ಕಬ್ಬಿಣದ ಔಷಧ ಶುರು ಮಾಡಿದರು. ದಿನ ಬಿಟ್ಟು ದಿನ ಐದು ಸಲ ಬರಬೇಕು. ಎರಡು ಸಲ ಬಂದ ಯಲ್ಲವ್ವ ಮೂರನೆಯದಕ್ಕೆ ಬರಲಿಲ್ಲ. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ. ಮಗಳನ್ನು ಒಳಗೆ ಬಿಡುವುದಿಲ್ಲ. ಸಂಜೆ ತಡವಾದರೆ ಮಲಗುವ ಜಾಗ ಬೇರೆಯವರ ಪಾಲು. ಹಾಜರಾಗದವರನ್ನು "ಅಸಹಕಾರ" ಎಂದು ಬರೆದು ಮುಚ್ಚುವುದು ಸುಲಭ. ನಮ್ಮ ತಂಡದ ದಾದಿ ಹಾಗೆ ಮಾಡದೆ ಈ ಮೂರು ಕಾರಣಗಳನ್ನೂ ವೈದ್ಯರಿಗೆ ಹೇಳಿದರು. ಅವರು ಒಂದೇ ಸಲಕ್ಕೆ ಹೆಚ್ಚು ಪ್ರಮಾಣ ಕೊಡಬಹುದಾದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇನ್ನೊಂದು ಕಬ್ಬಿಣದ ಔಷಧ ತರಿಸಿ, 33ನೇ ವಾರದಲ್ಲಿ ಒಂದೇ ಬೆಳಗಿನಲ್ಲಿ ಮುಗಿಸಿ ಕಳುಹಿಸಿದರು. ಆ ಒಂದು ನಿರ್ಧಾರ ಮುಂದೆ ಜೀವ ಉಳಿಸಿತೆಂದೇ ನಾನು ನಂಬಿದ್ದೇನೆ.

ಆಶ್ರಯ ಕೇಂದ್ರ ಬೇಡವೆಂದದ್ದು

ಇದೇ ಹೊತ್ತಿನಲ್ಲಿ ಅವರನ್ನು ಬೀದಿಯಿಂದ ಒಳಗೆ ಕರೆತರುವ ಪ್ರಯತ್ನವೂ ನಡೆದಿತ್ತು. ನಗರ ವಸತಿರಹಿತರಿಗೆ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಒಂದು ಶಾಶ್ವತ ಆಶ್ರಯ ಇರಬೇಕೆಂದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. ನಮಗೆ ಹತ್ತಿರವಿದ್ದದ್ದು ಗಂಡಸರದು. ಹೆಂಗಸರ ಕೇಂದ್ರವೊಂದು ದೂರದಲ್ಲಿ ಸಿಕ್ಕಿತು, ಆದರೆ ಅಲ್ಲಿಯವರು ತಿಂಗಳು ತುಂಬುತ್ತಿದ್ದ ಬಸಿರಿಯನ್ನು ಸೇರಿಸಿಕೊಳ್ಳಲು ಹಿಂಜರಿದರು. ರಾತ್ರಿ ನೋವು ಬಂದರೆ ಜವಾಬ್ದಾರಿ ಯಾರದು ಎಂಬುದು ಅವರ ಪ್ರಶ್ನೆ. ಹತ್ತು ದಿನ ಓಡಾಡಿ ಅವರನ್ನು ಒಪ್ಪಿಸಿದ ಮೇಲೆ ಯಲ್ಲವ್ವನವರೇ ಬರುವುದಿಲ್ಲ ಎಂದುಬಿಟ್ಟರು.

ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ಬಿಸಿ ಊಟ, ಸೂರು, ಬಾಗಿಲಿಗೆ ಅಗುಳಿ ಇರುವ ಜಾಗವನ್ನು ಬೇಡವೆನ್ನುವುದು ಹಟವೆಂದು ನಾನು ತಿಳಿದೆ. ಎರಡು ದಿನ ಅವರೊಂದಿಗೆ ಮಾತು ಕಡಿಮೆ ಮಾಡಿದೆ. ಆಮೇಲೆ ರತ್ನಮ್ಮನವರ ಮೂಲಕ ಕಾರಣ ತಿಳಿಯಿತು. ಗಂಡನಿಗೆ ಗೊತ್ತಿದ್ದದ್ದು ಈ ಮಾರುಕಟ್ಟೆ ಮಾತ್ರ. ಕೊನೆಯ ಫೋನಿನಲ್ಲಿ ಯಲ್ಲವ್ವ ಹೇಳಿದ್ದ ಗುರುತು, ಆ ಅಂಗಡಿಯ ನೀಲಿ ಶಟರ್. "ಬಂದ್ರ ಇಲ್ಲೇ ಹುಡುಕ್ತಾರಲ್ರಿ" ಎಂದು ಅವರು ನನಗೂ ಹೇಳಿದರು, ತಲೆ ತಗ್ಗಿಸಿ. ಕೆಲಸ ಬಿಟ್ಟರೆ ಮೇಸ್ತ್ರಿಯ ಸಾಲದ ಕಂತು ನಿಲ್ಲುತ್ತದೆ, ಆತ ಊರಿನಲ್ಲಿ ಅಣ್ಣನ ಮನೆ ಬಾಗಿಲಿಗೆ ಹೋಗುತ್ತಾನೆ ಎಂಬ ಭಯವೂ ಇತ್ತು.

ನಾವು ಬಲವಂತ ಮಾಡದಿರಲು ತೀರ್ಮಾನಿಸಿದೆವು. ಆ ತೀರ್ಮಾನ ಸರಿಯೇ ಎಂದು ಇಂದಿಗೂ ತಂಡದಲ್ಲಿ ಒಮ್ಮತವಿಲ್ಲ. ಬಲವಂತ ಮಾಡಿದ್ದರೆ ಅವರು ಜಾಗ ಬದಲಿಸಿ ನಮ್ಮ ಕಣ್ಣಿಗೂ ರತ್ನಮ್ಮನ ಕಣ್ಣಿಗೂ ಸಿಗದೆ ಹೋಗುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ಬದಲಿಗೆ ಹೆರಿಗೆಯ ರಾತ್ರಿಯ ಸಿದ್ಧತೆ ಮಾಡಿದೆವು: ರತ್ನಮ್ಮನ ಫೋನಿನಲ್ಲಿ 108 ಮತ್ತು ನಮ್ಮ ತಂಡದ ಇಬ್ಬರ ನಂಬರ್, ಆಂಬ್ಯುಲೆನ್ಸ್‌ನವರಿಗೆ ಹೇಳಬೇಕಾದ ಗುರುತು, ಮಗಳನ್ನು ಇಟ್ಟುಕೊಳ್ಳುವವರು ಯಾರು ಎಂಬ ಮಾತು. ತಾಯಿ ಕಾರ್ಡಿನ ಖಾಲಿ ಅಂಕಣದಲ್ಲಿ ಆರೋಗ್ಯ ಸಹಾಯಕಿ "ಮಾರುಕಟ್ಟೆ ಶೌಚಾಲಯ, ರತ್ನಮ್ಮನವರ ಮುಖಾಂತರ" ಎಂದು ಬರೆದುಕೊಟ್ಟರು.

ಹೆರಿಗೆ ಮತ್ತು ಬಿಡುಗಡೆ ಚೀಟಿ

35ನೇ ವಾರದ ಒಂದು ರಾತ್ರಿ ನೆತ್ತಿನೀರು ಒಡೆಯಿತು. ಯಲ್ಲವ್ವ ಶೌಚಾಲಯದ ಬಾಗಿಲು ತಟ್ಟಿದರು. ಆಂಬ್ಯುಲೆನ್ಸ್ ಬಂದಾಗ ಲಾರಿಗಳು ಅಡ್ಡ. ಲೋಡು ಇಳಿಸುತ್ತಿದ್ದ ಹಮಾಲರು ಅವರನ್ನು ತರಕಾರಿ ತಳ್ಳುಗಾಡಿಯಲ್ಲಿ ಮಲಗಿಸಿ ಮುಖ್ಯರಸ್ತೆಗೆ ತಂದರು. ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ ಜೊತೆಗೆ ಯಾರಿದ್ದಾರೆ ಎಂಬುದು, ಎರಡನೆಯದು ಕಾರ್ಡ್. ಎರಡೂ ಇದ್ದವು. ಬೆಳಗಿನ ಜಾವ ಸಹಜ ಹೆರಿಗೆ, ಹೆಣ್ಣುಮಗು, ತೂಕ 1,880 ಗ್ರಾಂ. ರಕ್ತಸ್ರಾವ ತುಸು ಹೆಚ್ಚಾಯಿತು, ಔಷಧದಿಂದ ಹತೋಟಿಗೆ ಬಂತು. ಹೆರಿಗೆಗೆ ಸೇರುವಾಗ ಹಿಮೋಗ್ಲೋಬಿನ್ 8.8 ಇತ್ತು, ಮರುದಿನ 7.6. ಆ ಸ್ರಾವ 7.1ರಲ್ಲಿ ಆಗಿದ್ದರೆ ಏನಾಗುತ್ತಿತ್ತು ಎಂಬುದನ್ನು ನಾವು ಆ ದಿನ ಬಾಯಿಬಿಟ್ಟು ಆಡಲಿಲ್ಲ.

ಕೂಸಿಗೆ ಮೊಲೆ ಚೀಪುವ ಶಕ್ತಿ ಕಡಿಮೆ, ಕಾಮಾಲೆ ಬೇರೆ. ನವಜಾತ ಶಿಶು ಘಟಕದಲ್ಲಿ ಆರು ದಿನ ಇದ್ದು ತಾಯಿಯ ಎದೆಗೆ ಬಂತು. ಕಾಂಗರೂ ಆರೈಕೆ ಎಂದರೆ ಹಗಲು ರಾತ್ರಿ ಕೂಸನ್ನು ಬರಿಮೈಯ ಎದೆಗೆ ಕಟ್ಟಿಕೊಂಡು ಒರಗಿ ಕೂರುವುದು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ, ಸಾಕಷ್ಟು ಇನ್‌ಕ್ಯುಬೇಟರ್‌ಗಳಿಲ್ಲದ ಆಸ್ಪತ್ರೆಯಲ್ಲಿ ಹುಟ್ಟಿದ ಪದ್ಧತಿ ಇದು. ಖರ್ಚಿಲ್ಲದ್ದು ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಒರಗಲು ಗೋಡೆ ಬೇಕು, ಬಿಚ್ಚಿದ ಎದೆಗೆ ಮರೆ ಬೇಕು, ಬೇರೆಯವರು ತಂದುಕೊಡುವ ಊಟ ಬೇಕು. ವಾರ್ಡಿನಲ್ಲಿ ಇವು ಮೂರೂ ಇದ್ದವು. 1,730ಕ್ಕೆ ಇಳಿದಿದ್ದ ತೂಕ ಹನ್ನೆರಡನೇ ದಿನ 1,910ಕ್ಕೆ ಏರಿತು. ಅಷ್ಟು ತಿಂಗಳಲ್ಲಿ ಯಲ್ಲವ್ವ ಕಾಲು ಚಾಚಿ, ರಾತ್ರಿಯಿಡೀ ಕಣ್ಣುಮುಚ್ಚಿ ಮಲಗಿದ್ದು ಅದೇ ಮೊದಲು ಎಂದು ಅವರೇ ಹೇಳಿದರು.

ಹನ್ನೆರಡನೇ ದಿನ ಬಿಡುಗಡೆ ಚೀಟಿ ಸಿದ್ಧವಾಯಿತು. ಕೂಸನ್ನು ಬೆಚ್ಚಗಿಡಿ, ಎರಡು ಗಂಟೆಗೊಮ್ಮೆ ಹಾಲು ಕೊಡಿ, ಮನೆಗೆ ಆಶಾ ಕಾರ್ಯಕರ್ತೆ ಬರುತ್ತಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ಹೊರಗೆ ನವೆಂಬರ್ ತಿಂಗಳ ಚಳಿ. ನಮ್ಮಲ್ಲಿ ಬಾಣಂತನ ಎಂದರೆ ಗಾಳಿ ಸೋಕದ ಕೋಣೆ, ಬಿಸಿನೀರು, ಕೆಂಡದ ಶಾಖ, ತಾಯಿಯ ಕೈ. ಕೆಂಡದ ಹೊಗೆ ಕೂಸಿಗೆ ಒಳ್ಳೆಯದಲ್ಲ ನಿಜ, ಆದರೆ ಹೆತ್ತವಳನ್ನೂ ಕೂಸನ್ನೂ ಬೆಚ್ಚಗೆ ಕೂಡಿಸಿಡಬೇಕೆಂಬ ಆ ತಿಳಿವಳಿಕೆ ಹಳೆಯದು, ಸರಿಯಾದದ್ದು. ಅದಕ್ಕೆ ಕೋಣೆಯೇ ಇಲ್ಲದವಳು ಎಲ್ಲಿಗೆ ಹೋಗಬೇಕು? 2010ರಲ್ಲಿ ದೆಹಲಿಯ ಕನಾಟ್ ಪ್ಲೇಸ್ ಬಳಿ ಬೀದಿಯಲ್ಲೇ ಹೆತ್ತ ನಿರ್ಗತಿಕ ಮಹಿಳೆಯೊಬ್ಬರು ಕೆಲವೇ ದಿನಗಳಲ್ಲಿ ಅಲ್ಲಿಯೇ ತೀರಿಕೊಂಡ ಸುದ್ದಿ ಬಂದಾಗ ದೆಹಲಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಇಂಥ ಬಸಿರಿ ಬಾಣಂತಿಯರಿಗೆಂದೇ ಪ್ರತ್ಯೇಕ ಆಶ್ರಯ ತೆರೆಯಲು ಆದೇಶಿಸಿತ್ತು. ನಮ್ಮ ಮುಂದೆ ಅಂಥ ಜಾಗ ಯಾವುದೂ ಇರಲಿಲ್ಲ.

ಮಕ್ಕಳ ವೈದ್ಯರು ಚೀಟಿಯನ್ನು ವಾಪಸ್ ತೆಗೆದುಕೊಂಡು, ಕೇಸ್ ಶೀಟಿನಲ್ಲಿ "ಬಿಡುಗಡೆಗೆ ಸುರಕ್ಷಿತ ಸ್ಥಳವಿಲ್ಲ" ಎಂದು ಬರೆದು ಆರು ದಿನ ಮುಂದೂಡಿದರು. ಇದು ಪ್ರಕರಣದ ಎರಡನೆಯ ತಿರುವು, ಸುಲಭದ್ದೇನೂ ಅಲ್ಲ. ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರಿದ್ದರು, ಹಿರಿಯ ದಾದಿ ಆಕ್ಷೇಪಿಸಿದರು. ಅವರ ಆಕ್ಷೇಪದಲ್ಲಿ ನ್ಯಾಯವಿತ್ತು. ಆ ಆರು ದಿನಗಳಲ್ಲಿ ನಾವು ಹೆಂಗಸರ ಕೇಂದ್ರದವರೊಂದಿಗೆ ಮತ್ತೆ ಮಾತಾಡಿದೆವು. ಹೆರಿಗೆಯ ಭಯ ಕಳೆದಿದ್ದರಿಂದ ಅವರು ಒಪ್ಪಿದರು. ನೀಲಿ ಶಟರ್ ಅಂಗಡಿಯ ಮಾಲೀಕರು, ಗಂಡ ಬಂದರೆ ಕೊಡುವುದಾಗಿ ನಮ್ಮ ನಂಬರನ್ನು ಗೋಡೆಯ ಮೇಲೆ ಬರೆಸಿಕೊಂಡರು. ಆಮೇಲೆ ಯಲ್ಲವ್ವನೂ ಒಪ್ಪಿದರು. ಮೊದಲ ಸಲವೇ ಈ ಏರ್ಪಾಟು ನಮಗೆ ಹೊಳೆದಿದ್ದರೆ ಕೊನೆಯ ವಾರಗಳನ್ನು ಅವರು ಬೀದಿಯಲ್ಲಿ ಕಳೆಯಬೇಕಾಗಿರಲಿಲ್ಲ.

ನಂತರ

ಹದಿನೆಂಟನೇ ದಿನ 2,060 ಗ್ರಾಂ ತೂಕದೊಂದಿಗೆ ಕೇಂದ್ರಕ್ಕೆ ಹೋದ ಕೂಸು ನಲವತ್ತೆರಡನೇ ದಿನ 2,750 ಗ್ರಾಂ ತೂಗಿತು. ಹೆರಿಗೆಯಾದ 3, 7, 14, 21, 28, 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಭೇಟಿ ಕೊಡಬೇಕೆಂಬ ಕ್ರಮ ಆಸ್ಪತ್ರೆಯಲ್ಲಿ ಹುಟ್ಟಿದ ನವಜಾತ ಶಿಶುಗಳಿಗೆ ಇದೆ. ಆ ಕೇಂದ್ರದ ಭಾಗದ ಆಶಾ ಉಳಿದ ಮೂರೂ ಭೇಟಿಗಳನ್ನು ತಪ್ಪಿಸಲಿಲ್ಲ, ಏಕೆಂದರೆ ಈಗ ತಟ್ಟಲು ಒಂದು ಬಾಗಿಲಿತ್ತು.

ಒಂಬತ್ತನೇ ವಾರ ಯಲ್ಲವ್ವ ಕೇಂದ್ರ ಬಿಟ್ಟು ಮಾರುಕಟ್ಟೆಗೆ ಮರಳಿದರು. ಸಾಲದ ಕಂತು ನಿಂತಿತ್ತು, ಅಣ್ಣನಿಂದ ಫೋನ್ ಬಂದಿತ್ತು. ಮೂರು ವಾರದೊಳಗೆ ಕೂಸಿಗೆ ನ್ಯುಮೋನಿಯಾ. ಐದು ದಿನ ಆಮ್ಲಜನಕ, ಚುಚ್ಚುಮದ್ದು. ಉಳಿಯಿತು. ಹದಿನಾಲ್ಕನೇ ವಾರದ ಲಸಿಕೆ ತಡವಾಯಿತು. ಆಶ್ರಯ ಕೇಂದ್ರವನ್ನು ಗುರಿಯೆಂದು ತಿಳಿದು ನಾವು ಅಲ್ಲಿಗೆ ನಿಂತುಬಿಟ್ಟಿದ್ದೆವು. ಅಲ್ಲಿಂದ ಮುಂದೆ ಎಲ್ಲಿಗೆ, ಕೂಸು ಕಂಕುಳಲ್ಲಿದ್ದಾಗ ಯಾವ ಕೆಲಸ ಎಂಬ ಮಾತನ್ನು ಮೊದಲ ವಾರವೇ ಎತ್ತಬೇಕಿತ್ತು. ಇದು ನಮ್ಮ ಮೂರನೆಯ ತಪ್ಪು, ಪರಿಣಾಮದಲ್ಲಿ ಎಲ್ಲಕ್ಕಿಂತ ದೊಡ್ಡದು.

ಈಗ ನಮ್ಮ ನೋಂದಣಿ ಪುಸ್ತಕದಲ್ಲಿ ವಿಳಾಸದ ಪಕ್ಕದಲ್ಲಿ ಮೂರು ಅಂಕಣ ಹೊಸದಾಗಿ ಸೇರಿವೆ. ರಾತ್ರಿ ಎಲ್ಲಿ ಮಲಗುತ್ತೀರಿ, ರಾತ್ರಿ ಶೌಚಕ್ಕೆ ಎಲ್ಲಿ ಹೋಗುತ್ತೀರಿ, ನಿಮ್ಮನ್ನು ದಿನಾ ನೋಡುವವರು ಯಾರು. ಮೊದಲ ಭೇಟಿಯಲ್ಲೇ ಇವನ್ನು ಕೇಳುತ್ತೇವೆ. ಮಾತ್ರೆ ಕೊಡುವ ಮೊದಲು ಮಾತ್ರೆ ಇಡುವ ಜಾಗ ಯಾವುದೆಂದು ಕೇಳುತ್ತೇವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರೊಂದಿಗೆ ಬಿಡುಗಡೆಯ ಮಾತನ್ನು ಹೆರಿಗೆಗೆ ಮೊದಲೇ ಶುರು ಮಾಡುತ್ತೇವೆ.

ಕೂಸಿಗೆ ಆರು ತಿಂಗಳಾದಾಗ ತೂಕ 5.6 ಕಿಲೋ, ತಾಯಿಯ ಹಿಮೋಗ್ಲೋಬಿನ್ 9.9. ಎರಡನೆಯದು ಹೆಣ್ಣುಮಗುವಾದರೆ ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೆಯಲ್ಲಿ ಸಿಗಬೇಕಾದ 6,000 ರೂಪಾಯಿಗೆ ಹಾಕಿದ ಅರ್ಜಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತಿದೆ, ಅದಕ್ಕಾಗಿ ಓಡಾಡುತ್ತಿದ್ದೇವೆ. ಯಲ್ಲವ್ವ ಈಗ ರತ್ನಮ್ಮನ ಪರಿಚಯದವರ ತಗಡಿನ ಕೋಣೆಯೊಂದರಲ್ಲಿ ಇನ್ನೊಬ್ಬ ಹೆಂಗಸಿನೊಂದಿಗೆ ಬಾಡಿಗೆ ಹಂಚಿಕೊಂಡು ಇದ್ದಾರೆ. ದೊಡ್ಡ ಮಗಳು ಅಂಗನವಾಡಿಗೆ ಹೋಗುತ್ತಾಳೆ. ಗಂಡನ ಸುಳಿವಿಲ್ಲ. ನೀಲಿ ಶಟರ್ ಪಕ್ಕದ ಗೋಡೆಗೆ ಸುಣ್ಣ ಬಳಿದಾಗ ನಮ್ಮ ನಂಬರ್ ಅಳಿಸಿಹೋಗಿತ್ತು. ಯಲ್ಲವ್ವ ಹೇಳಿದ ಮೇಲೆ ಹೋಗಿ ಮತ್ತೆ ಬರೆದು ಬಂದೆವು.